ಒಂದೇ ಭೂಕಂಪ, ಎರಡು ದಂಡೆಗೆ ಎರಡು ಥರದ ಅಲುಗಾಟ: ದೊಡ್ಡ ಮಣ್ಣಿನ ಅಣೆಕಟ್ಟುಗಳಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

1994ರ ಜನವರಿ 17ರಂದು ಕ್ಯಾಲಿಫೋರ್ನಿಯಾದಲ್ಲಿ ನಾರ್ತ್‌ರಿಡ್ಜ್ ಭೂಕಂಪ ಆಯಿತು. ಪಕೋಯ್ಮಾ ಅಣೆಕಟ್ಟಿನಲ್ಲಿ ಕೂರಿಸಿದ್ದ ಉಪಕರಣಗಳು ಆ ಕಂಪನವನ್ನು ದಾಖಲಿಸಿದವು. ಕಣಿವೆಯ ತಳದಲ್ಲಿ ಸಿಕ್ಕಿದ್ದು ಸುಮಾರು 0.4 ಜಿ (ಜಿ ಎಂದರೆ ಗುರುತ್ವದ ವೇಗೋತ್ಕರ್ಷ). ಎಡದಂಡೆಯ ಮೇಲ್ಭಾಗದಲ್ಲಿ 1.5 ಜಿ ದಾಟಿತು. ಭೂಕಂಪ ಒಂದೇ, ಕಣಿವೆ ಒಂದೇ, ಬಂಡೆಯೂ ಹೆಚ್ಚುಕಡಿಮೆ ಒಂದೇ. ಆದರೂ ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಪಕೋಯ್ಮಾ ಕಾಂಕ್ರೀಟಿನ ಕಮಾನು ಅಣೆಕಟ್ಟು, ಮಣ್ಣಿನದಲ್ಲ. ಆದರೆ ಮೇಲೆ ಕಟ್ಟಿರುವುದು ಕಾಂಕ್ರೀಟೋ ಮಣ್ಣೋ ಎಂದು ನೋಡಿ ಕಣಿವೆ ಅಲುಗಾಡುವುದಿಲ್ಲ.

ಮಣ್ಣಿನ ಅಣೆಕಟ್ಟಿಗೆ ಭೂಕಂಪದ ಲೆಕ್ಕ ಹಾಕುವಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಒಂದು ಭೂಕಂಪದ ದಾಖಲೆ ತೆಗೆದುಕೊಳ್ಳುತ್ತೇವೆ. ಅಣೆಯ ಬುಡದ ಎಲ್ಲ ಬಿಂದುಗಳಿಗೂ ಅದೇ ದಾಖಲೆಯನ್ನು ಅದೇ ಕ್ಷಣಕ್ಕೆ ಕೊಡುತ್ತೇವೆ. ಇಡೀ ಕಣಿವೆ ಒಂದೇ ತಟ್ಟೆಯ ಹಾಗೆ ಅಲುಗಾಡುತ್ತದೆ ಎಂದು ಒಪ್ಪಿಕೊಂಡ ಹಾಗಾಯಿತು. 20 ಮೀಟರ್ ಎತ್ತರದ ಚಿಕ್ಕ ಏರಿಗೆ ಇದು ನಡೆಯುತ್ತದೆ. 100 ಮೀಟರ್ ಎತ್ತರ, 600 ಮೀಟರ್ ಉದ್ದದ ಅಣೆಗೆ ನಡೆಯುವುದಿಲ್ಲ.

ಒದ್ದೆ ಬೆಡ್‌ಶೀಟನ್ನು ಇಬ್ಬರು ಎರಡು ತುದಿ ಹಿಡಿದು ಕೊಡವುವುದನ್ನು ನೆನೆಸಿಕೊಳ್ಳಿ. ಇಬ್ಬರ ಕೈಯೂ ಒಟ್ಟಿಗೆ ಆಡಿದರೆ ಬಟ್ಟೆ ಸುಮ್ನೆ ಮೇಲೆ ಕೆಳಗೆ ಆಡುತ್ತದೆ. ತಾಳ ತಪ್ಪಿತು ಅಂದ್ರೆ ಬಟ್ಟೆ ಜಗ್ಗುತ್ತದೆ. ಆ ಜಗ್ಗಾಟ ಮೊದಲು ಗೊತ್ತಾಗುವುದು ಹಿಡಿದ ಕೈಯ ಹತ್ತಿರ. ಮಣ್ಣಿನ ಅಣೆಗೆ ಆ ಕೈಗಳು ಎಂದರೆ ಅಬಟ್‌ಮೆಂಟ್‌ಗಳು, ಅಂದರೆ ಅಣೆ ಬಂದು ಗುಡ್ಡಕ್ಕೆ ಸೇರುವ ಎರಡು ಜಾಗಗಳು. ಮಣ್ಣು ಒತ್ತಿದರೆ ತಡೆಯುತ್ತದೆ, ಜಗ್ಗಿದರೆ ಬಿರಿಯುತ್ತದೆ. ಈ ಇಡೀ ಲೆಕ್ಕವನ್ನು ನಾವು ಮಾಡುವುದೇ ಆ ಜಗ್ಗಾಟಕ್ಕಾಗಿ.

ವ್ಯತ್ಯಾಸ ಎಲ್ಲಿಂದ ಬರುತ್ತದೆ

ಕಾರಣಗಳು ನಾಲ್ಕು. ಮೊದಲನೆಯದು ಅಲೆ ತಲುಪುವ ಹೊತ್ತು. ಅಲೆ ಓರೆಯಾಗಿ ಬಂದರೆ ಒಂದು ದಂಡೆಗೆ ಮೊದಲು, ಇನ್ನೊಂದಕ್ಕೆ ಸ್ವಲ್ಪ ತಡವಾಗಿ ತಲುಪುತ್ತದೆ. ಎರಡನೆಯದು ಅಲೆಯ ಆಕಾರವೇ ಕೆಡುವುದು. ದಾರಿಯಲ್ಲಿ ಬಂಡೆಯ ಬಿರುಕು, ಪದರ, ಗಟ್ಟಿ-ಮೆತ್ತನೆ ಭಾಗಗಳಿಗೆ ತಾಗಿ ಅಲೆ ಚದುರುತ್ತದೆ. ಜೊತೆಗೆ ಭೂಮಿ ಸೀಳುವುದು ಒಂದು ಬಿಂದುವಿನಲ್ಲಿ ಅಲ್ಲ, ಉದ್ದಕ್ಕೂ. ಹಾಗಾಗಿ 200 ಮೀಟರ್ ದೂರದ ಎರಡು ಬಿಂದುಗಳ ದಾಖಲೆಗಳನ್ನು ಹೊತ್ತು ಸರಿಹೊಂದಿಸಿ ಒಂದರ ಮೇಲೊಂದು ಇಟ್ಟರೂ ಗೆರೆಗಳು ಕೂಡುವುದಿಲ್ಲ. ಇದನ್ನು ಅಳೆಯುವ ಮಾಪಕಕ್ಕೆ ಕೊಹೆರೆನ್ಸಿ ಎನ್ನುತ್ತಾರೆ. 1 ಎಂದರೆ ಪೂರ್ತಿ ಹೊಂದಿಕೆ, 0 ಎಂದರೆ ಸಂಬಂಧವೇ ಇಲ್ಲ. ಮೂರನೆಯದು ಜಾಗದ ಗುಣ: ಒಂದು ಕಡೆ ಗಟ್ಟಿ ಬಂಡೆ, ಇನ್ನೊಂದು ಕಡೆ ಶಿಥಿಲ ಬಂಡೆ ಅಥವಾ ನದಿಯ ಮೆಕ್ಕಲು. ಕಣಿವೆಯ ಆಕಾರದ ಪ್ರಭಾವವೂ ಇದರಲ್ಲೇ ಸೇರುತ್ತದೆ. ನಾಲ್ಕನೆಯದು ದೂರಕ್ಕೆ ಅಲೆ ಕುಗ್ಗುವುದು. ಒಂದು ಅಣೆಯ ಉದ್ದದಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ, ಬಿಡಿ.

ಇದು ಊಹೆಯಲ್ಲ, ಅಳೆದು ತಿಳಿದದ್ದು. 1980ರಲ್ಲಿ ತೈವಾನಿನ ಲೋಟುಂಗ್‌ನಲ್ಲಿ ಸ್ಮಾರ್ಟ್-1 ಎಂಬ ಉಪಕರಣ ಜಾಲ ಶುರುವಾಯಿತು. 200 ಮೀಟರ್, 1 ಕಿಲೋಮೀಟರ್, 2 ಕಿಲೋಮೀಟರ್ ತ್ರಿಜ್ಯದ ಮೂರು ವೃತ್ತಗಳು, ಒಟ್ಟು 37 ಉಪಕರಣ. ಇಂದು ಬಳಕೆಯಲ್ಲಿರುವ ಎಷ್ಟೋ ಕೊಹೆರೆನ್ಸಿ ಸೂತ್ರಗಳ ಹಿಂದೆ ಅದರ ದಾಖಲೆಗಳಿವೆ.

ಹೆಜ್ಜೆ 1: ಈ ಲೆಕ್ಕ ನಿಮ್ಮ ಅಣೆಗೆ ಬೇಕೇ?

ಒಂದು ಕಾಲ್ಪನಿಕ ಅಣೆ ಇಟ್ಟುಕೊಳ್ಳೋಣ. ಎತ್ತರ 100 ಮೀಟರ್, ನೆತ್ತಿಯ ಉದ್ದ 600 ಮೀಟರ್. ನೀರಿನ ಬದಿಯ ಇಳಿಜಾರು 2.5ಕ್ಕೆ 1 (ಅಡ್ಡ 2.5, ಎತ್ತರ 1), ಕೆಳಬದಿ 2ಕ್ಕೆ 1, ನೆತ್ತಿಯ ಅಗಲ 10 ಮೀಟರ್. ಹಾಗಾದರೆ ಬುಡದ ಅಗಲ 460 ಮೀಟರ್. ಈ ಕೊನೆಯ ಅಂಕಿಯನ್ನು ಬಹಳ ಜನ ಮರೆಯುತ್ತಾರೆ. ಮಣ್ಣಿನ ಅಣೆ ದಂಡೆಯಿಂದ ದಂಡೆಗೆ ಮಾತ್ರ ಉದ್ದವಲ್ಲ, ಹೊಳೆ ಹರಿಯುವ ದಿಕ್ಕಿನಲ್ಲೂ ಅಷ್ಟೇ ಹರಡಿಕೊಂಡಿರುತ್ತದೆ.

ಈಗ ಕೈಲೆಕ್ಕ. ಅಲೆ ನೆಲದ ಮೇಲೆ ಸೆಕೆಂಡಿಗೆ 2500 ಮೀಟರ್ ವೇಗದಲ್ಲಿ ಸಾಗುವಂತೆ ಕಾಣುತ್ತದೆ ಅಂದುಕೊಳ್ಳಿ. 600 ಮೀಟರ್ ದಾಟಲು 0.24 ಸೆಕೆಂಡ್. ನೆಲದ ಗರಿಷ್ಠ ವೇಗ ಸೆಕೆಂಡಿಗೆ 0.5 ಮೀಟರ್ ಆದರೆ, ಒಂದು ದಂಡೆ ಇನ್ನೊಂದಕ್ಕಿಂತ ಸುಮಾರು 0.24 × 0.5 = 0.12 ಮೀಟರ್, ಅಂದರೆ 12 ಸೆಂಟಿಮೀಟರ್ ಮುಂದೆ ಹೋಗಿರಬಹುದು. 600 ಮೀಟರಿಗೆ ಹಂಚಿದರೆ ಹತ್ತು ಸಾವಿರಕ್ಕೆ 2 ಪಾಲು ಸ್ಟ್ರೇನ್, ಅಂದರೆ ಉದ್ದಕ್ಕೆ ಹೋಲಿಸಿದ ಜಗ್ಗಾಟ. ನೆಲದ ವೇಗವನ್ನು ಅಲೆಯ ವೇಗದಿಂದ ಭಾಗಿಸಿದರೂ ಇದೇ ಉತ್ತರ.

ಈ ಸ್ಟ್ರೇನ್ ಒಂದೇ ಅಣೆಯನ್ನು ಸೀಳುವಷ್ಟು ದೊಡ್ಡದಲ್ಲ. ಆದರೆ ಅದು ಸಮನಾಗಿ ಹಂಚಿಕೆಯಾಗುವುದಿಲ್ಲ, ಅಲ್ವಾ? ಮೆತ್ತನೆ ಮಣ್ಣು ಗಟ್ಟಿ ಬಂಡೆಗೆ ಸೇರುವಲ್ಲಿ ಗುಂಪಾಗುತ್ತದೆ. ಅಲೆಯ ಆಕಾರ ಕೆಟ್ಟದ್ದು, ಕಣಿವೆಯ ಅಂಚಿನ ಹೆಚ್ಚಳ ಎರಡೂ ಅದರ ಮೇಲೆ ಕೂರುತ್ತವೆ. ಅಣೆ ಕಟ್ಟಿದ ಮೇಲೆ ಮಣ್ಣು ಇಳಿದು ಅಬಟ್‌ಮೆಂಟ್ ಹತ್ತಿರ ಮೊದಲೇ ಜಗ್ಗಿಕೊಂಡಿರುತ್ತದೆ, ಅದೂ ಸೇರುತ್ತದೆ.

ನನ್ನ ಅಳತೆ ಹೀಗಿದೆ. ಅಲೆ ದಾಟುವ ಹೊತ್ತು ಅಣೆಯ ಮೂಲ ಪೀರಿಯಡ್‌ನ (ಅಣೆ ತಾನಾಗಿ ಒಂದು ಸಲ ತೂಗಿ ಬರಲು ಹಿಡಿಯುವ ಹೊತ್ತಿನ) ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಇದ್ದರೆ ಪೂರ್ತಿ ಲೆಕ್ಕ ಮಾಡಿ. ಎರಡು ದಂಡೆಯ ಬಂಡೆ ಬೇರೆ ಬೇರೆ ಇದ್ದರೆ, ಕಣಿವೆ ಕಡಿದಾಗಿದ್ದರೆ, ಅಣೆಯೊಳಗೆ ಕಾಂಕ್ರೀಟ್ ತೂಬು ಅಥವಾ ಕೋಡಿಯ ಗೋಡೆ ಸೇರಿದ್ದರೆ, ಹೊತ್ತು ಕಮ್ಮಿ ಇದ್ದರೂ ಮಾಡಿ.

ಹೆಜ್ಜೆ 2: ಅಣೆಯ ಸ್ವಂತ ತೂಗಾಟ ತಿಳಿದುಕೊಳ್ಳಿ

ಕಡಿದಾದ ಕಣಿವೆಯ ಹಿಡಿತ ಇಲ್ಲದ ಉದ್ದ ಅಣೆಗೆ ಸರಳ ಸೂತ್ರ ಇದೆ: ಎತ್ತರವನ್ನು 2.61ರಿಂದ ಗುಣಿಸಿ, ಅಣೆಯ ಮಣ್ಣಿನಲ್ಲಿ ಶಿಯರ್ ಅಲೆಯ (ಸಾಗುವ ದಿಕ್ಕಿಗೆ ಅಡ್ಡಡ್ಡ ಅಲುಗಾಡಿಸುವ ಅಲೆಯ) ವೇಗದಿಂದ ಭಾಗಿಸಿ. ನಮ್ಮ ಅಣೆಯ ಮಣ್ಣಿನಲ್ಲಿ ಆ ವೇಗ ಸೆಕೆಂಡಿಗೆ 350 ಮೀಟರ್ ಇದ್ದರೆ ಪೀರಿಯಡ್ 0.75 ಸೆಕೆಂಡ್, ಫ್ರೀಕ್ವೆನ್ಸಿ ಸುಮಾರು 1.3 ಹರ್ಟ್ಸ್. ಜೋರು ಕಂಪನದಲ್ಲಿ ಮಣ್ಣು ಮೆತ್ತಗಾಗುತ್ತದೆ. ಗಡಸುತನ ಅರ್ಧಕ್ಕೆ ಇಳಿದರೆ ಪೀರಿಯಡ್ 1.05 ಸೆಕೆಂಡಿಗೆ ಹೋಗುತ್ತದೆ. 0.24 ಸೆಕೆಂಡ್ ಎಂದರೆ ಅದರ ಕಾಲು ಭಾಗ. ಒಂದು ದಂಡೆ ತುದಿ ಮುಟ್ಟಿದಾಗ ಇನ್ನೊಂದು ಇನ್ನೂ ನಡುವಿನಲ್ಲಿರುತ್ತದೆ.

ಕಣಿವೆ ಕಿರಿದಾಗಿದ್ದು ಉದ್ದ ಎತ್ತರದ ಮೂರು ಪಟ್ಟಿಗಿಂತ ಕಮ್ಮಿ ಇದ್ದರೆ ಎರಡೂ ಗುಡ್ಡಗಳು ಅಣೆಯನ್ನು ಬಿಗಿ ಹಿಡಿಯುತ್ತವೆ, ಪೀರಿಯಡ್ ಇಳಿಯುತ್ತದೆ. ಆಗ ಅಡ್ಡ ಕೊಯ್ದ ಎರಡು ಆಯಾಮದ ಮಾದರಿಯನ್ನು ನಂಬಬೇಡಿ. ಹಾಗೆ ನೋಡಿದರೆ, ದಂಡೆಯಿಂದ ದಂಡೆಗೆ ಇರುವ ವ್ಯತ್ಯಾಸವನ್ನು ಅಡ್ಡ ಕೊಯ್ದ ಮಾದರಿ ಎಂದೂ ತೋರಿಸಲಾರದು. ಈ ಕೆಲಸಕ್ಕೆ ಮೂರು ಆಯಾಮದ ಮಾದರಿಯೇ ಬೇಕು.

ಇನ್ನೊಂದು ವಿಷಯ. ಎರಡೂ ಬದಿ ಒಂದೇ ಥರ ಇರುವ ಕಣಿವೆಯಲ್ಲಿ ಬುಡವೆಲ್ಲ ಒಟ್ಟಿಗೆ ಅಲುಗಾಡಿದರೆ, ಎಡ ಅರ್ಧ ಮುಂದೆ ಹೋದಾಗ ಬಲ ಅರ್ಧ ಹಿಂದೆ ಹೋಗುವಂಥ ತೂಗಾಟ ಏಳುವುದೇ ಇಲ್ಲ. ಕಂಪನ ಜಾಗದಿಂದ ಜಾಗಕ್ಕೆ ಬೇರೆಯಾದಾಗ ಅದೂ ಏಳುತ್ತದೆ. ನೆತ್ತಿಯ ಕಾಲು ಭಾಗ, ಮುಕ್ಕಾಲು ಭಾಗದಲ್ಲಿ ಅದರ ಪೆಟ್ಟು ಕಾಣುತ್ತದೆ. ಆದ್ದರಿಂದ ಅಣೆಯ ಮೊದಲ ಏಳೆಂಟು ತೂಗಾಟಗಳ ಆಕಾರವನ್ನು ಚಿತ್ರ ಬರೆಸಿ ನೋಡಿಟ್ಟುಕೊಳ್ಳಿ. ಮುಂದೆ ಉತ್ತರ ಅರ್ಥ ಮಾಡಿಕೊಳ್ಳಲು ಬೇಕಾಗುತ್ತದೆ.

ಹೆಜ್ಜೆ 3: ಅಲೆಯ ವೇಗ ಆರಿಸುವುದು

ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ. ಅಣೆಯ ಮಣ್ಣಿನ ಅಥವಾ ಬುಡದ ಮೆಕ್ಕಲಿನ ಶಿಯರ್ ವೇಗವನ್ನು ತಂದು ಇಲ್ಲಿ ಹಾಕುವುದು. ಸೆಕೆಂಡಿಗೆ 350 ಮೀಟರ್ ಎಂದು ಹಾಕಿದರೆ 600 ಮೀಟರ್ ದಾಟಲು 1.7 ಸೆಕೆಂಡ್ ಬರುತ್ತದೆ. ಅದು ಸುಳ್ಳು ಹೆದರಿಕೆ.

ನಮಗೆ ಬೇಕಾದದ್ದು ನೆಲದ ಮೇಲೆ ಅಲೆ ಸಾಗುವಂತೆ ಕಾಣುವ ವೇಗ. ಅಲೆ ಆಳದ ಗಟ್ಟಿ ಬಂಡೆಯಿಂದ ಬರುತ್ತದೆ. ಮೇಲೆ ಬರುತ್ತ ಮೆತ್ತನೆ ಪದರಗಳಲ್ಲಿ ನೆಟ್ಟಗಾಗುತ್ತದೆ. ಆದರೆ ಅದರ ಅಡ್ಡ ಸಾಗಾಟದ ವೇಗ ಪದರ ಬದಲಾದರೂ ಬದಲಾಗುವುದಿಲ್ಲ. ಆಳದ ಬಂಡೆಯ ಶಿಯರ್ ವೇಗವನ್ನು ಅಲೆ ನೆಟ್ಟನೆಯ ಗೆರೆಯಿಂದ ಓರೆಯಾದ ಕೋನದ ಸೈನ್‌ನಿಂದ ಭಾಗಿಸಿದರೆ ಅದು ಸಿಗುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 2000ದಿಂದ 3500 ಮೀಟರ್ ಒಳಗೆ ಇಟ್ಟುಕೊಳ್ಳುತ್ತಾರೆ. ಮೇಲ್ಮೈ ಅಲೆಗಳು ಇದಕ್ಕಿಂತ ನಿಧಾನ.

ಅಲೆ ಬರುವ ದಿಕ್ಕು? ಹತ್ತಿರದ ಭೂಬಿರುಕು ಗೊತ್ತಿದ್ದರೆ ಅಲ್ಲಿಂದ. ಗೊತ್ತಿಲ್ಲದಿದ್ದರೆ ನಾಲ್ಕು ಸಲ ಲೆಕ್ಕ ಮಾಡಿ: ಎಡದಂಡೆಯಿಂದ, ಬಲದಂಡೆಯಿಂದ, ನೀರಿನ ಬದಿಯಿಂದ, ಕೆಳಬದಿಯಿಂದ. ಎಡ-ಬಲ ಅದಲುಬದಲು ಮಾಡಿದ್ದಕ್ಕೇ ಉತ್ತರ ಬದಲಾಗುವುದನ್ನು ನೋಡುತ್ತೀರಿ. ಕಣಿವೆಯ ಆಕಾರವೇ ಅದಕ್ಕೆ ಕಾರಣ. 1973ರಲ್ಲಿ ಸಂಶೋಧಕ ಟ್ರಿಫುನಾಕ್ ಅರ್ಧವೃತ್ತದ ಕಣಿವೆಗೆ ನಿಖರ ಪರಿಹಾರ ಕೊಟ್ಟರು. ಅಲೆ ಬರುವ ಬದಿಯ ಅಂಚಿನಲ್ಲಿ ಕಂಪನ ಬಯಲಿನಲ್ಲಿ ಇರುವುದರ ಎರಡು ಪಟ್ಟಿನವರೆಗೂ ಏರಬಹುದು, ಆಚೆ ಬದಿ ನೆರಳಿನಲ್ಲಿ ಉಳಿಯುತ್ತದೆ. ಅಲೆಯ ಉದ್ದ ಕಣಿವೆಯ ಅಗಲಕ್ಕೆ ಹತ್ತಿರವಾದಾಗ ಇದರ ಆಟ ಜೋರು. ಬಂಡೆಯಲ್ಲಿ ವೇಗ 2000 ಮೀಟರ್, ಫ್ರೀಕ್ವೆನ್ಸಿ 2 ಹರ್ಟ್ಸ್ ಇದ್ದರೆ ಅಲೆಯ ಉದ್ದ 1000 ಮೀಟರ್. ದೊಡ್ಡ ಅಣೆಗಳ ಕಣಿವೆಗಳೂ ಇದೇ ಅಳತೆಯವು.

ಹೆಜ್ಜೆ 4: ಹೊಂದಿಕೆಯ ಸೂತ್ರ

ಲೂಕೋ ಮತ್ತು ವಾಂಗ್ ಎಂಬ ಸಂಶೋಧಕರು 1986ರಲ್ಲಿ ಕೊಟ್ಟ ಕೊಹೆರೆನ್ಸಿ ಸೂತ್ರ ಬಹಳ ಬಳಕೆಯಲ್ಲಿದೆ, ಕೈಯಲ್ಲೂ ಲೆಕ್ಕ ಹಾಕಬಹುದು. ಮೂರು ಅಂಕಿಗಳನ್ನು ಗುಣಿಸಿ: ಕೋನೀಯ ಫ್ರೀಕ್ವೆನ್ಸಿ, ಬಿಂದುಗಳ ನಡುವಿನ ದೂರ, ಮತ್ತು ನೆಲದ ಗುಣ ಹೇಳುವ ಒಂದು ಅಂಕಿ. ಆ ಅಂಕಿ ಸಾಮಾನ್ಯವಾಗಿ ಮೀಟರಿಗೆ 0.0002ರಿಂದ 0.0003 ಸೆಕೆಂಡ್. ಬಂದ ಗುಣಲಬ್ಧವನ್ನು ವರ್ಗ ಮಾಡಿ, ಋಣ ಚಿಹ್ನೆ ಹಾಕಿ, ಎಕ್ಸ್‌ಪೊನೆನ್ಶಿಯಲ್ ತೆಗೆಯಿರಿ.

0.00025 ಇಟ್ಟುಕೊಂಡು ನೋಡಿ. ದೂರ 100 ಮೀಟರ್, ಫ್ರೀಕ್ವೆನ್ಸಿ 1.3 ಹರ್ಟ್ಸ್ ಇದ್ದಾಗ ಕೊಹೆರೆನ್ಸಿ 0.96. ಬಹುತೇಕ ಒಟ್ಟಿಗೇ ಅಲುಗಾಡುತ್ತವೆ. ಅದೇ 100 ಮೀಟರಿಗೆ 5 ಹರ್ಟ್ಸ್‌ನಲ್ಲಿ 0.54. 600 ಮೀಟರ್ ದೂರದ ಎರಡು ದಂಡೆಗಳ ನಡುವೆ 1.3 ಹರ್ಟ್ಸ್‌ನಲ್ಲೇ 0.2ರ ಆಸುಪಾಸು. ಅಂದರೆ ಅಣೆಯ ಮೂಲ ತೂಗಾಟದ ಫ್ರೀಕ್ವೆನ್ಸಿಯಲ್ಲೇ ಎಡದಂಡೆಗೂ ಬಲದಂಡೆಗೂ ಹೊಂದಿಕೆ ತಪ್ಪಿರುತ್ತದೆ. ಮೊದಲ ಸಲ ಈ ಅಂಕಿಗಳನ್ನು ಕಾಗದದ ಮೇಲೆ ಬರೆದಾಗಲೇ ನನಗೆ ವಿಷಯದ ಗಾತ್ರ ಅರ್ಥವಾಗಿದ್ದು. ನೀವೂ ಸಾಫ್ಟ್‌ವೇರ್ ತೆರೆಯುವ ಮೊದಲು ಬರೆದು ನೋಡಿ.

ಎರಡು ಎಚ್ಚರಿಕೆ. ಸ್ಮಾರ್ಟ್-1 ಇದ್ದದ್ದು ಮೆಕ್ಕಲು ಮಣ್ಣಿನ ಬಯಲಿನಲ್ಲಿ. ಅಲ್ಲಿನ ದಾಖಲೆಗೆ ಹೊಂದಿಸಿದ ಸೂತ್ರವನ್ನು ಹಾಗೇ ತಂದು ಬಂಡೆಯ ಕಣಿವೆಗೆ ಹಾಕಬೇಡಿ. ಬಂಡೆಯ ಮೇಲಿನ ದಾಖಲೆಗಳಿಂದ ಕಟ್ಟಿದ ಸೂತ್ರವನ್ನೂ ಒಂದು ಸಲ ಓಡಿಸಿ ಎರಡನ್ನೂ ಹೋಲಿಸಿ. ಇನ್ನೊಂದು, ನಿಮ್ಮದೇ ಜಾಗದ ದಾಖಲೆಗಳಿಂದ ಕೊಹೆರೆನ್ಸಿ ಲೆಕ್ಕ ಹಾಕುವುದಾದರೆ ಅಕ್ಕಪಕ್ಕದ ಫ್ರೀಕ್ವೆನ್ಸಿಗಳನ್ನು ಸೇರಿಸಿ ನಯ ಮಾಡಲೇಬೇಕು. ನಯ ಮಾಡದಿದ್ದರೆ ಯಾವ ಎರಡು ದಾಖಲೆ ಕೊಟ್ಟರೂ ಉತ್ತರ 1 ಎಂದೇ ಬರುತ್ತದೆ. ಗಣಿತದ ಗುಣವೇ ಅದು. ಅದನ್ನು ನೋಡಿ "ನಮ್ಮ ಕಣಿವೆ ಪೂರ್ತಿ ಹೊಂದಿಕೊಂಡು ಅಲುಗಾಡುತ್ತದೆ" ಎಂದು ಬರೆದುಬಿಡುವ ಅಪಾಯ ಇದೆ.

ಹೆಜ್ಜೆ 5: ಪ್ರತಿ ಬಿಂದುವಿಗೂ ಕಂಪನ ತಯಾರಿಸುವುದು

ಎಷ್ಟು ಬಿಂದುಗಳು? ಅಕ್ಕಪಕ್ಕದ ಬಿಂದುಗಳ ನಡುವೆ, ನಿಮಗೆ ಬೇಕಾದ ಅತಿ ಹೆಚ್ಚು ಫ್ರೀಕ್ವೆನ್ಸಿಯಲ್ಲಿ ಕೊಹೆರೆನ್ಸಿ 0.9ರ ಮೇಲಿರಲಿ. 5 ಹರ್ಟ್ಸ್‌ಗೆ ಮೇಲಿನ ಸೂತ್ರ ಸುಮಾರು 40 ಮೀಟರ್ ಎನ್ನುತ್ತದೆ. 600 ಮೀಟರಿಗೆ ಹದಿನಾರು ಬಿಂದು ಆಯಿತು. ಹೊಳೆಯ ದಿಕ್ಕಿಗೂ ಅದೇ ಅಂತರದಲ್ಲಿ ಬಲೆ ಹೆಣೆಯಿರಿ. ನಡುವಿನ ನೋಡ್‌ಗಳಿಗೆ (ಕಂಪ್ಯೂಟರ್ ಮಾದರಿಯ ಬಲೆಯ ಗಂಟುಗಳಿಗೆ) ಅಕ್ಕಪಕ್ಕದ ಬಿಂದುಗಳಿಂದ ಹಂಚಿ ಕೊಡಬಹುದು.

ನನಗೆ ಇಷ್ಟವಾದ ದಾರಿ ಇದು. ಒಂದು ಬಿಂದುವಿಗೆ ನಿಜವಾದ ಭೂಕಂಪದ ದಾಖಲೆಯನ್ನು, ಅಣೆಯ ಸುರಕ್ಷತಾ ಪರೀಕ್ಷೆಗೆ ಗೊತ್ತುಮಾಡಿದ ಮಟ್ಟಕ್ಕೆ ಹೊಂದಿಸಿ ಬೀಜವಾಗಿ ಇಡುವುದು. ಉಳಿದ ಬಿಂದುಗಳ ಕಂಪನವನ್ನು ಆ ಬೀಜಕ್ಕೂ ಕೊಹೆರೆನ್ಸಿಗೂ ತಲುಪುವ ಹೊತ್ತಿಗೂ ಹೊಂದುವಂತೆ ಹುಟ್ಟಿಸುವುದು. ಎಲ್ಲವನ್ನೂ ಕಂಪ್ಯೂಟರಿನಲ್ಲೇ ಹುಟ್ಟಿಸಬಹುದು. ಆದರೆ ನಿಜವಾದ ದಾಖಲೆಯ ಏರಿಳಿತ, ಹತ್ತಿರದ ಭೂಬಿರುಕಿನ ದೊಡ್ಡ ವೇಗದ ಬಡಿತ ಹುಟ್ಟಿಸಿದ ಕಂಪನದಲ್ಲಿ ಸರಿಯಾಗಿ ಬರುವುದು ಕಷ್ಟ. ಹುಟ್ಟಿಸುವಿಕೆಯಲ್ಲಿ ಯಾದೃಚ್ಛಿಕ ಅಂಕಿಗಳಿರುವುದರಿಂದ ಒಂದೇ ಸೆಟ್ ಸಾಲದು. ಕಮ್ಮಿ ಅಂದ್ರೆ ಐದು ಬೀಜ, ಪ್ರತಿ ಬೀಜಕ್ಕೂ ಕೆಲವು ಸೆಟ್.

ಈಗ ನನಗೆ ಬಹಳ ಪಾಠ ಕಲಿಸಿದ ಜಾಗ, ಬೇಸ್‌ಲೈನ್ ತಿದ್ದುವುದು, ಅಂದರೆ ದಾಖಲೆಯ ಸೊನ್ನೆ ಗೆರೆಯನ್ನು ಸರಿಮಾಡುವುದು. ವೇಗೋತ್ಕರ್ಷವನ್ನು ಎರಡು ಸಲ ಕೂಡಿಸಿದರೆ ಸ್ಥಾನಪಲ್ಲಟ ಸಿಗುತ್ತದೆ. ವೇಗೋತ್ಕರ್ಷದಲ್ಲಿ ಜಿಯ ಹತ್ತು ಸಾವಿರದ ಒಂದು ಪಾಲು ತಪ್ಪಿದ್ದರೂ 20 ಸೆಕೆಂಡಿನಲ್ಲಿ ಅದು ಸುಮಾರು 20 ಸೆಂಟಿಮೀಟರ್ ಸುಳ್ಳು ಜರುಗಾಟವಾಗಿ ಬೆಳೆಯುತ್ತದೆ. ಬುಡವೆಲ್ಲ ಒಟ್ಟಿಗೆ ಅಲುಗಾಡುವ ಲೆಕ್ಕದಲ್ಲಿ ಇದು ಯಾರಿಗೂ ತೊಂದರೆ ಕೊಡದು, ಇಡೀ ಅಣೆ ಒಟ್ಟಿಗೆ ಜರುಗುತ್ತದೆ ಅಷ್ಟೆ. ಬಿಂದುಬಿಂದುವಿಗೆ ಬೇರೆ ಕಂಪನ ಕೊಟ್ಟಾಗ ಹಾಗಲ್ಲ. ನಮ್ಮ ನಿಜವಾದ ಜಗ್ಗಾಟವೇ 12 ಸೆಂಟಿಮೀಟರ್! ನನ್ನ ಮೊದಲ ಲೆಕ್ಕದಲ್ಲಿ ಪ್ರತಿ ಬಿಂದುವಿನ ದಾಖಲೆಯನ್ನು ಬೇರೆ ಬೇರೆಯಾಗಿ ತಿದ್ದಿದ್ದೆ. ಕಂಪನ ನಿಂತ ಮೇಲೂ ಎರಡು ದಂಡೆಗಳು ನಿಧಾನಕ್ಕೆ ದೂರ ಹೋಗುತ್ತಲೇ ಇದ್ದವು. ಬಲದಂಡೆಯಲ್ಲಿ ದೊಡ್ಡ ಬಿರುಕು ಬಂತು. ಎರಡು ವಾರ ಆ ಬಿರುಕಿಗೆ ಕಾರಣ ಹುಡುಕಿದೆ. ಕೊನೆಗೆ ಸ್ಥಾನಪಲ್ಲಟದ ಗೆರೆಗಳನ್ನು ಒಟ್ಟಿಗೆ ಬರೆದು ನೋಡಿದಾಗ ತಪ್ಪು ಎದುರಿಗೇ ನಿಂತಿತ್ತು.

ಆದ್ದರಿಂದ ಎಲ್ಲ ಬಿಂದುಗಳಿಗೂ ಒಂದೇ ಫಿಲ್ಟರ್, ಒಂದೇ ವಿಧಾನ. ತಿದ್ದಿದ ಮೇಲೆ ಪ್ರತಿ ಜೋಡಿ ಬಿಂದುಗಳ ಸ್ಥಾನಪಲ್ಲಟದ ವ್ಯತ್ಯಾಸ ಬರೆದು ನೋಡಿ. ಕಂಪನ ನಿಂತ ಮೇಲೆ ಆ ಗೆರೆ ಮಟ್ಟಸವಾಗಿ ಸೊನ್ನೆಯ ಹತ್ತಿರ ನಿಲ್ಲಬೇಕು. ಗರಿಷ್ಠ ವ್ಯತ್ಯಾಸ ಹೆಜ್ಜೆ 1ರ ಕೈಲೆಕ್ಕದ ಮೂರ್ನಾಲ್ಕು ಪಟ್ಟು ದಾಟಿದರೆ ನಿಂತು ಕಾರಣ ಹುಡುಕಿ.

ಹೆಜ್ಜೆ 6: ಮಾದರಿಗೆ ಕಂಪನ ಕೊಡುವುದು

ಮೊದಲು ಅಣೆಯನ್ನು ಕಟ್ಟಿ. ಪದರ ಪದರವಾಗಿ ಏರಿಸಿ, ನೀರು ತುಂಬಿಸಿ, ಒಸರುವಿಕೆ ನೆಲೆಗೊಳ್ಳಲು ಬಿಡಿ. ಭೂಕಂಪಕ್ಕೆ ಮೊದಲೇ ಎಲ್ಲಿ ಮಣ್ಣು ಜಗ್ಗಿಕೊಂಡಿದೆ ಎಂಬುದು ಇದರಿಂದ ಮಾತ್ರ ಸಿಗುತ್ತದೆ. ಎಲಿಮೆಂಟ್‌ನ (ಮಾದರಿಯನ್ನು ಹೋಳು ಮಾಡಿದ ಒಂದೊಂದು ತುಂಡಿನ) ಗಾತ್ರ ಅತಿ ಚಿಕ್ಕ ಅಲೆಯ ಉದ್ದದ ಎಂಟರಲ್ಲಿ ಒಂದರಿಂದ ಹತ್ತರಲ್ಲಿ ಒಂದು ಪಾಲು. ಮೆತ್ತಗಾದ ಮಣ್ಣಿನಲ್ಲಿ ವೇಗ 250 ಮೀಟರ್, ಫ್ರೀಕ್ವೆನ್ಸಿ 5 ಹರ್ಟ್ಸ್ ಆದರೆ ಅಲೆಯ ಉದ್ದ 50 ಮೀಟರ್, ಎಲಿಮೆಂಟ್ 5ರಿಂದ 6 ಮೀಟರ್. ಅಬಟ್‌ಮೆಂಟ್ ಹತ್ತಿರ ಇನ್ನೂ ಚಿಕ್ಕದು ಇರಲಿ.

ಕಂಪನ ಕೊಡಲು ಎರಡು ದಾರಿ. ಒಂದು, ಕಣಿವೆಯ ಮೇಲ್ಮೈಯಲ್ಲೇ ಪ್ರತಿ ನೋಡ್‌ಗೂ ಸ್ಥಾನಪಲ್ಲಟ ಹೇರುವುದು. ಇದು ಸುಲಭ. ಆದರೆ ಬುಡವನ್ನು ನೀವೇ ಹಿಡಿದು ಆಡಿಸುತ್ತಿದ್ದೀರಿ, ಅಣೆಯೊಳಗಿನ ಶಕ್ತಿ ಬಂಡೆಗೆ ಇಳಿದು ಹೋಗಲು ದಾರಿಯೇ ಇಲ್ಲ. ಅಣೆ ನಿಜಕ್ಕಿಂತ ಜಾಸ್ತಿ ಆಡುತ್ತದೆ. ಇನ್ನೊಂದು, ಸುತ್ತ ಒಂದಷ್ಟು ಬಂಡೆಯನ್ನೂ ಮಾದರಿಯಲ್ಲಿ ಸೇರಿಸಿ, ಅಂಚಿನಲ್ಲಿ ಅಲೆ ಹೀರುವ ಗಡಿ ಹಾಕಿ, ಅಲ್ಲಿಂದ ಅಲೆಯನ್ನು ಸ್ಟ್ರೆಸ್ (ಪ್ರತಿ ಚದರ ಅಳತೆಗೆ ಬೀಳುವ ಬಲ) ಆಗಿ ಒಳಗೆ ಕಳಿಸುವುದು. ಆ ಸ್ಟ್ರೆಸ್ ಎಂದರೆ ಬಂಡೆಯ ಸಾಂದ್ರತೆ, ಅದರ ಶಿಯರ್ ವೇಗ, ಮೇಲೇರುವ ಅಲೆಯ ಕಣವೇಗ ಈ ಮೂರರ ಗುಣಲಬ್ಧದ ಎರಡು ಪಟ್ಟು. ದೊಡ್ಡ ಅಣೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಆದರೆ ಒಂದನ್ನೇ ಎರಡು ಸಲ ಎಣಿಸಬೇಡಿ. ಬಂಡೆಯೂ ಕಣಿವೆಯೂ ಮಾದರಿಯಲ್ಲಿದ್ದರೆ ಕಣಿವೆಯ ಆಕಾರದ ಪ್ರಭಾವ ತಾನೇ ಬರುತ್ತದೆ. ಗಡಿಯಲ್ಲಿ ಕೊಡುವ ಕಂಪನದಲ್ಲಿ ಅದನ್ನು ಮತ್ತೆ ಸೇರಿಸಬಾರದು. ಮೊದಲ ದಾರಿ ಹಿಡಿದರೆ ತಿರುಗುಮುರುಗು: ನೀವು ಸೇರಿಸದಿದ್ದರೆ ಅದು ಬರುವುದೇ ಇಲ್ಲ.

ಡ್ಯಾಂಪಿಂಗ್, ಅಂದರೆ ತೂಗಾಟದ ಶಕ್ತಿ ಕುಗ್ಗುವುದರ ಬಗ್ಗೆಯೂ ಒಂದು ಮಾತು. ರೇಲಿ ಡ್ಯಾಂಪಿಂಗ್ ಎಂಬ ಬಳಕೆಯ ಸೂತ್ರಕ್ಕೆ ಎರಡು ಭಾಗ, ಒಂದು ದ್ರವ್ಯರಾಶಿಗೆ, ಇನ್ನೊಂದು ಗಡಸುತನಕ್ಕೆ ಅಂಟಿದ್ದು. ದ್ರವ್ಯರಾಶಿಗೆ ಅಂಟಿದ ಭಾಗ, ಸ್ಥಾನಪಲ್ಲಟ ಹೇರುವ ಲೆಕ್ಕದಲ್ಲಿ ಅಣೆಯ ಒಟ್ಟು ಚಲನೆಯನ್ನೇ ಹಿಡಿದು ಎಳೆಯುತ್ತದೆ. ನಿಜದಲ್ಲಿ ಅಂಥ ಬಲ ಇಲ್ಲ. ಆ ಭಾಗವನ್ನು ಆದಷ್ಟು ಕಮ್ಮಿ ಇಡಿ. ಮಣ್ಣಿನ ಸ್ವಂತ ಸ್ಟ್ರೆಸ್-ಸ್ಟ್ರೇನ್ ಸುತ್ತುಗಳೇ ಹೆಚ್ಚಿನ ಶಕ್ತಿ ತಿನ್ನಲಿ.

ಹೆಜ್ಜೆ 7: ಒಂದೊಂದಾಗಿ ಬಿಚ್ಚಿ ಓಡಿಸಿ

ನೇರ ಎಲ್ಲವನ್ನೂ ಸೇರಿಸಿ ಓಡಿಸಿದರೆ ಉತ್ತರ ಬರುತ್ತದೆ, ಅರ್ಥ ಬರುವುದಿಲ್ಲ. ಅದೇ ಬೀಜಕ್ಕೆ ಐದು ಸಲ ಓಡಿಸಿ. ಎಲ್ಲ ಕಡೆ ಒಂದೇ ಕಂಪನ. ತಲುಪುವ ಹೊತ್ತಿನ ವ್ಯತ್ಯಾಸ ಮಾತ್ರ. ಕೊಹೆರೆನ್ಸಿ ಮಾತ್ರ. ಜಾಗದ ಗುಣ ಮತ್ತು ಕಣಿವೆಯ ಆಕಾರ ಮಾತ್ರ. ಕೊನೆಗೆ ಎಲ್ಲ ಸೇರಿ. ಉಳಿದ ನಾಲ್ಕರ ಉತ್ತರವನ್ನು ಮೊದಲನೆಯದರಿಂದ ಭಾಗಿಸಿ ಅನುಪಾತದ ನಕ್ಷೆ ಬರೆಯಿರಿ. 1ಕ್ಕಿಂತ ಮೇಲಿನದು ಕೆಂಪು, ಕೆಳಗಿನದು ನೀಲಿ.

ಸಾಮಾನ್ಯವಾಗಿ ಕಾಣುವ ಚಿತ್ರ ಇದು: ನೆತ್ತಿಯ ನಡುಭಾಗ ನೀಲಿ, ಬುಡ ಮತ್ತು ಎರಡು ಅಬಟ್‌ಮೆಂಟ್ ಕೆಂಪು. ಬುಡದ ಬೇರೆ ಬೇರೆ ಭಾಗಗಳು ಬೇರೆ ಬೇರೆ ಕಡೆ ತಳ್ಳುವುದರಿಂದ ಪರಸ್ಪರ ಕಳೆದುಹೋಗಿ, ಮೇಲಕ್ಕೆ ಹೋಗುವ ಒಟ್ಟು ತಳ್ಳಾಟ ಕಮ್ಮಿಯಾಗುತ್ತದೆ. ಆದರೆ ಬುಡ ತಾನೇ ತಿರುಚಿ ಜಗ್ಗುವುದರಿಂದ ಅಲ್ಲಿನ ಸ್ಟ್ರೆಸ್ ಏರುತ್ತದೆ. ಇಲ್ಲೇ ಜನ ಎಡವುವುದು. ನೆತ್ತಿಯ ವೇಗೋತ್ಕರ್ಷ ಇಳಿದದ್ದನ್ನು ನೋಡಿ "ಒಂದೇ ಕಂಪನ ಕೊಡುವುದೇ ಸುರಕ್ಷಿತ ಬದಿಯ ಲೆಕ್ಕ" ಎಂದು ಕಡತ ಮುಚ್ಚುತ್ತಾರೆ. ಇಳಿಜಾರು ಜಾರುವ ಪ್ರಶ್ನೆಗೆ ಅದು ಸರಿ ಇರಬಹುದು. ಬಿರುಕಿನ ಪ್ರಶ್ನೆಗೆ ಅಲ್ಲ. ಒಂದೇ ಕಂಪನ ಕೊಟ್ಟಾಗ ಎರಡು ದಂಡೆಗಳ ನಡುವಿನ ದೂರ ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಆ ಲೆಕ್ಕಕ್ಕೆ ಆ ಅಪಾಯವನ್ನು ನೋಡುವ ಕಣ್ಣೇ ಇಲ್ಲ.

ಹೆಜ್ಜೆ 8: ಉತ್ತರದಲ್ಲಿ ಏನು ಹುಡುಕಬೇಕು

ನೆತ್ತಿಯ ಉದ್ದಕ್ಕೂ, ಎಡದಂಡೆಯಿಂದ ಬಲದಂಡೆಗೆ, ಜಗ್ಗುವ ಸ್ಟ್ರೇನ್‌ನ ಗೆರೆ ಬರೆಯಿರಿ. ಅದಕ್ಕೆ ಭೂಕಂಪಕ್ಕೆ ಮೊದಲಿದ್ದ ಸ್ಟ್ರೇನ್ ಸೇರಿಸಿ. ನಿಮ್ಮ ಕೋರಿನ (ಅಣೆಯ ನಡುವೆ ನೀರು ತಡೆಯುವ ಭಾಗದ) ಜೇಡಿಮಣ್ಣು ಎಷ್ಟು ಜಗ್ಗಿದರೆ ಬಿರಿಯುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಆ ಮಣ್ಣಿನ ಮೇಲೇ ಪರೀಕ್ಷಿಸಿ. ಹದದ ತೇವಕ್ಕಿಂತ ಒಣಗಿದ್ದಾಗ ಬಡಿದು ಗಟ್ಟಿ ಮಾಡಿದ ಮಣ್ಣು ಬೇಗ ಬಿರಿಯುತ್ತದೆ, ಹದಕ್ಕಿಂತ ಸ್ವಲ್ಪ ಒದ್ದೆ ಇದ್ದಾಗ ಬಡಿದದ್ದು ಬಾಗಿ ತಾಳಿಕೊಳ್ಳುತ್ತದೆ. ಪುಸ್ತಕದ ಅಂಕಿಗಿಂತ ಈ ಪರೀಕ್ಷೆಯ ಅಂಕಿ ಮೇಲು.

ಗೆರೆ ಮಿತಿ ದಾಟಿದ ಜಾಗದಲ್ಲಿ ಬಿರುಕು ಎಷ್ಟು ಆಳಕ್ಕೆ ಇಳಿಯುತ್ತದೆ ನೋಡಿ. ಆ ಆಳವನ್ನು ತುಂಬಿದ ಜಲಾಶಯದ ನೀರಿನ ಮಟ್ಟದ ಜೊತೆ ಹೋಲಿಸಿ. ಬಿರುಕು ನೀರಿನ ಮಟ್ಟಕ್ಕಿಂತ ಮೇಲೇ ನಿಂತರೆ ರಿಪೇರಿ ಕೆಲಸ. ಕೆಳಗೆ ಇಳಿದರೆ ನೀರಿಗೆ ದಾರಿ ಆಯಿತು. ನೆತ್ತಿ ಕುಸಿದರೆ ನೀರಿನ ಮಟ್ಟವೂ ನೆತ್ತಿಗೆ ಹತ್ತಿರವಾಗುತ್ತದೆ, ಎರಡನ್ನೂ ಒಟ್ಟಿಗೆ ನೋಡಬೇಕು. 1989ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಕ್ಯಾಲಿಫೋರ್ನಿಯಾದ ಆಸ್ಟ್ರಿಯನ್ ಅಣೆಕಟ್ಟಿನ ನೆತ್ತಿ ಸುಮಾರು ಮುಕ್ಕಾಲು ಮೀಟರ್ ಕುಸಿಯಿತು. ಅಬಟ್‌ಮೆಂಟ್‌ಗಳ ಹತ್ತಿರ ಅಡ್ಡ ಬಿರುಕುಗಳು ಬಂದವು. ಅಂಥ ಬಿರುಕಿಗೆ ಮಣ್ಣಿನ ಏರುಪೇರು ಇಳಿತವೂ ಕಾರಣವಾಗುತ್ತದೆ. ಆದರೆ ಬಿರುಕು ಬರುವ ಜಾಗ ಯಾವುದು ಎಂಬುದನ್ನು ಆ ಅಣೆ ಸ್ಪಷ್ಟವಾಗಿ ತೋರಿಸಿಕೊಟ್ಟಿತು.

ಕೋರ್ ಬಂಡೆಗೆ ತಾಗುವ ಮುಖದಲ್ಲಿ ಜಾರಾಟ ಎಷ್ಟು, ಬಿಡುವು ಎಷ್ಟು ಎಂದು ನೋಡಿ. ಕಾಂಕ್ರೀಟ್ ಹೊದಿಕೆಯ ಕಲ್ಲಿನ ಅಣೆಯಾದರೆ ಹೊದಿಕೆಯ ಚಪ್ಪಡಿಗಳ ಕೀಲುಗಳನ್ನು ನೋಡಿ. 2008ರ ವೆಂಚುವಾನ್ ಭೂಕಂಪದಲ್ಲಿ ಚೀನಾದ 156 ಮೀಟರ್ ಎತ್ತರದ ಜಿಪಿಂಗ್‌ಪು ಅಣೆಕಟ್ಟಿನಲ್ಲಿ ಚಪ್ಪಡಿಗಳ ಕೀಲುಗಳು ಸರಿದವು. ಅಣೆ ಉಳಿಯಿತು.

ನೀರು ತುಂಬಿದ ಮರಳು ಅಲುಗಾಟಕ್ಕೆ ದ್ರವದ ಹಾಗಾಗುತ್ತದೆಯೇ ಎಂಬ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿ. 1971ರ ಭೂಕಂಪದಲ್ಲಿ ಕ್ಯಾಲಿಫೋರ್ನಿಯಾದ ಲೋಯರ್ ಸ್ಯಾನ್ ಫರ್ನಾಂಡೊ ಅಣೆಕಟ್ಟಿನ ನೀರಿನ ಬದಿ ನೆತ್ತಿಯ ಸಮೇತ ಜಲಾಶಯಕ್ಕೆ ಜಾರಿತ್ತು. ನೀರು ಮೇಲೆ ಹರಿಯಲು ಒಂದೂವರೆ ಮೀಟರಿನಷ್ಟು ಮಾತ್ರ ಬಾಕಿ ಇತ್ತು, ಕೆಳಗಿನ ಸುಮಾರು 80,000 ಜನರನ್ನು ಸ್ಥಳಾಂತರಿಸಬೇಕಾಯಿತು. ಅಂಥ ಮರಳು ಇದ್ದರೆ ಮೊದಲ ಚಿಂತೆ ಅದೇ ಇರಲಿ, ಈ ಲೆಕ್ಕ ಆಮೇಲೆ.

ಹೆಜ್ಜೆ 9: ಅಣೆಯಲ್ಲಿ ಬದಲಿಸುವುದು

ಕಂಪನದ ಅಂಕಿ ಎಷ್ಟೇ ತಿದ್ದಿದರೂ ಅನಿಶ್ಚಿತತೆ ಉಳಿಯುತ್ತದೆ. ಆದ್ದರಿಂದ ಬಿರುಕು ಬಂದೇ ಬರುತ್ತದೆ ಎಂದುಕೊಂಡು ರಕ್ಷಣೆ ಇಡಬೇಕು. ಕೋರಿನ ಕೆಳಬದಿಯ ಮರಳಿನ ಫಿಲ್ಟರ್ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಕೋರ್ ಬಿರಿದಾಗ ಕೊಚ್ಚಿ ಬರುವ ಮಣ್ಣನ್ನು ಅದು ಹಿಡಿದು ನಿಲ್ಲಿಸುತ್ತದೆ. ಅದಕ್ಕೆ ಮರಳಿನಲ್ಲಿ ಅಂಟು ಇರಬಾರದು. 75 ಮೈಕ್ರಾನ್‌ಗಿಂತ ನುಣುಪಾದ ಪುಡಿ ನೂರಕ್ಕೆ 5 ಪಾಲು ಮೀರದಿರಲಿ. ಜಾಸ್ತಿ ಇದ್ದರೆ ಫಿಲ್ಟರೇ ಬಿರಿದು ಬಾಯಿ ತೆರೆದುಕೊಂಡು ನಿಲ್ಲುತ್ತದೆ, ಉದುರಿ ಮುಚ್ಚಿಕೊಳ್ಳುವುದಿಲ್ಲ. ಫಿಲ್ಟರ್‌ನ ಅಗಲ ಲೆಕ್ಕದಲ್ಲಿ ಬಂದ ಜಾರಾಟಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಅದು ನೆತ್ತಿಯ ಹತ್ತಿರದವರೆಗೂ ಏರಿರಬೇಕು, ಅಬಟ್‌ಮೆಂಟ್‌ವರೆಗೂ ಮುಟ್ಟಿರಬೇಕು. ಅಬಟ್‌ಮೆಂಟ್ ಹತ್ತಿರ ಕೋರನ್ನೂ ಫಿಲ್ಟರನ್ನೂ ಅಗಲ ಮಾಡಿ. ಬಂಡೆಗೆ ತಾಗುವ ಪದರದಲ್ಲಿ ಸ್ವಲ್ಪ ಒದ್ದೆಯಾದ, ಬಾಗುವ ಜೇಡಿಮಣ್ಣು ಹಾಕಿ. ಬಂಡೆಯ ಮುಂಚಾಚು, ಮೆಟ್ಟಿಲುಗಳನ್ನು ಕಡಿದು ನಯ ಮಾಡಿ.

ಹಳೆಯ ಅಣೆಯಾದರೆ ಇಷ್ಟೆಲ್ಲ ಬದಲಿಸಲಾಗದು. ಕೆಳಬದಿಯಿಂದ ಫಿಲ್ಟರ್ ಮತ್ತು ಹೊರೆ ಸೇರಿಸುವುದು, ಇಲ್ಲವೇ ನೀರಿನ ಮಟ್ಟ ಇಳಿಸಿ ಇಟ್ಟುಕೊಳ್ಳುವುದು, ಇವು ಉಳಿಯುತ್ತವೆ.

ಹೆಜ್ಜೆ 10: ಉಪಕರಣ ಎಲ್ಲಿಡಬೇಕು

ನೆತ್ತಿಯಲ್ಲಿ ಒಂದು, ಬುಡದಲ್ಲಿ ಒಂದು ಉಪಕರಣ ಇಟ್ಟರೆ ಈ ವಿಷಯಕ್ಕೆ ಏನೂ ಸಿಗುವುದಿಲ್ಲ. ಕಣಿವೆಯ ತಳದಲ್ಲಿ ಒಂದು, ಎರಡು ಅಬಟ್‌ಮೆಂಟ್‌ನ ಬಂಡೆಯ ಮೇಲೆ ಒಂದೊಂದು, ಸಾಧ್ಯವಾದರೆ ಅರ್ಧ ಎತ್ತರದಲ್ಲೂ ಒಂದೊಂದು. ನೆತ್ತಿಯ ನಡುವೆ, ಕಾಲು ಭಾಗದಲ್ಲಿ, ಮುಕ್ಕಾಲು ಭಾಗದಲ್ಲಿ ಮೂರು. ಅಣೆಯ ಪ್ರಭಾವ ಇಲ್ಲದಷ್ಟು ದೂರದ ಬಂಡೆಯಲ್ಲಿ ಒಂದು. ಎಲ್ಲದರ ಗಡಿಯಾರ ಒಂದೇ ಆಗಿರಬೇಕು, ಜಿಪಿಎಸ್ ಸಮಯಕ್ಕೆ ಕಟ್ಟಿರಬೇಕು. ನಾವು ಅಳೆಯಬೇಕಾದದ್ದು ಕಾಲು ಸೆಕೆಂಡಿನ ವ್ಯತ್ಯಾಸ. ಗಡಿಯಾರ ಅರ್ಧ ಸೆಕೆಂಡ್ ತಪ್ಪಿದರೆ ದಾಖಲೆ ಇದ್ದೂ ಇಲ್ಲದ ಹಾಗೆ. ಒಂದು ಉಪಕರಣ ಎಚ್ಚರವಾದರೆ ಎಲ್ಲವೂ ದಾಖಲಿಸಲು ಶುರು ಮಾಡುವಂತೆ ಜೋಡಿಸಿ.

ದೊಡ್ಡ ಭೂಕಂಪಕ್ಕೆ ಕಾಯಬೇಕಿಲ್ಲ. ಸಣ್ಣ ಸಣ್ಣ ಕಂಪನಗಳೇ ಅಲೆ ತಲುಪುವ ಹೊತ್ತು, ನಿಮ್ಮ ಕಣಿವೆಯ ಕೊಹೆರೆನ್ಸಿ, ಯಾವ ದಂಡೆ ಎಷ್ಟು ಹೆಚ್ಚಿಸುತ್ತದೆ ಎಂಬುದನ್ನು ತಿಳಿಸಲು ಶುರು ಮಾಡುತ್ತವೆ. ಅಂಥ ದಾಖಲೆ ಕೈಗೆ ಬಂದ ದಿನ ಹೆಜ್ಜೆ 3 ಮತ್ತು 4ರ ಅಂಕಿಗಳನ್ನು ತೆಗೆದು ನಿಮ್ಮದೇ ಅಂಕಿಗಳನ್ನು ಹಾಕಿ, ಲೆಕ್ಕವನ್ನು ಮತ್ತೆ ಓಡಿಸಿ.